ಹನ್ನೊಂದನೆಯ ಮನೆ

ಸ್ಕ್ರೂಡ್ರೈವರ್ ಹಿಡಿಯವರೆಗೂ ಗೋಡೆಯೊಳಕ್ಕೆ ಹೋಯಿತು. ಟ್ಯಾಮ್ಸಿನ್ ಅದನ್ನು ಜೋರಾಗಿ ಒತ್ತಿರಲೂ ಇಲ್ಲ. ಹೊರಗೆಳೆದಾಗ ತುದಿಗೆ ಹೊಳೆದಂಡೆಯ ಕೆಸರಿನಂಥ ಕೆಂಪು ಮಣ್ಣು ಮೆತ್ತಿಕೊಂಡಿತ್ತು. ಅವಳು ಅದನ್ನು ಒಮ್ಮೆ ಮೂಸಿ ನೋಡಿ ಪ್ಯಾಂಟಿಗೆ ಒರೆಸಿಕೊಂಡಳು.

"ಎಷ್ಟು ಒಳಗೆ ಹೋಯ್ತು?" ಹಿಂದೆ ನಿಂತಿದ್ದ ಆವ್ರಿಲ್ ಕ್ಲೀವ್ ಕೇಳಿದಳು.

"ಪೂರ್ತಿ."

"ಅದು ಸಣ್ಣದಲ್ವಾ?"

"ಆಂಟಿ, ಇದು ಒಂದು ಗೇಣಿದೆ."

ಇಬ್ಬರೂ ಸೇರಿ ಬಟ್ಟೆಯ ಬೀರುವನ್ನು ಆಗಷ್ಟೇ ಪಕ್ಕಕ್ಕೆ ಜರುಗಿಸಿದ್ದರು. ಅದರ ಹಿಂದಿನ ಗೋಡೆಯ ಕಾಗದ ಕಪ್ಪಾಗಿ ಜೋತುಬಿದ್ದಿತ್ತು. ಆವ್ರಿಲ್ ಮಲಗುವ ಮಂಚ ಅಲ್ಲಿಂದ ಮೂರೇ ಅಡಿ. ಎಪ್ಪತ್ತಾರು ವರ್ಷದ ಆ ಹೆಂಗಸು ಹುಟ್ಟಿದ್ದೂ ಇದೇ ಕೋಣೆಯಲ್ಲಿ. ಈಗಲೂ ಅರವತ್ತು ಕುರಿ ಸಾಕಿಕೊಂಡು, ಮರಿ ಹಾಕಿಸುವ ಕಾಲದಲ್ಲಿ ತೋಳಿನವರೆಗೆ ಕೈ ಹಾಕಿ ಮರಿ ಎಳೆಯುವ ಗಟ್ಟಿಗಿತ್ತಿ. ಆದರೆ ಆ ಸ್ಕ್ರೂಡ್ರೈವರ್ ನೋಡಿ ಅವಳು ಮೆಲ್ಲಗೆ ಮಂಚದ ಮೇಲೆ ಕುಳಿತುಕೊಂಡಳು.

"ಹೊರಗಡೆಯಿಂದ ನೋಡಿದ್ರೆ ಗೋಡೆ ಬಸುರಿ ಹಾಗೆ ಮುಂದೆ ಬಂದಿದೆ," ಎಂದಳು ಟ್ಯಾಮ್ಸಿನ್. "ಸಿಮೆಂಟ್ ತೆಗೀಲೇಬೇಕು. ಎರಡು ತಿಂಗಳಾದ್ರೂ ಒಣಗಬೇಕು. ಇನ್ನೊಂದು ಮಳೆಗಾಲ ಇದು ನಿಲ್ಲಲ್ಲ."

"ನಿಮ್ಮಪ್ಪ ಇರೋವರೆಗೂ ಅದನ್ನ ಯಾರೂ ಮುಟ್ಟಕೂಡದು."

"ಅಪ್ಪ ಇನ್ನೂ ಇಪ್ಪತ್ತು ವರ್ಷ ಇರ್ತಾನೆ."

"ಇರ್ಲಿ ಬಿಡು. ಮಂಚ ಆ ಕಡೆ ತಳ್ಳಿಕೊಳ್ತೀನಿ."

"ಗೋಡೆ ಬಿದ್ರೆ ಮಂಚ ಯಾವ ಕಡೆ ಇದ್ರೇನು, ಸೂರು ನಿಮ್ಮ ತಲೆ ಮೇಲೆ ಬರುತ್ತೆ."

ಆವ್ರಿಲ್ ಕಿಟಕಿಯಿಂದಾಚೆ ನೋಡಿದಳು. ಸೇತುವೆಯ ಆಚೆ ಬದಿಯಲ್ಲಿ, ಇಟ್ಟಿಗೆಯ ಸಣ್ಣ ಮನೆಯ ಅಡುಗೆಮನೆ ಕಿಟಕಿಯಲ್ಲಿ, ಟ್ಯಾಮ್ಸಿನ್ ಅಪ್ಪ ಮರ್ವಿನ್ ಎಂಡಕಾಟ್‌ನ ಬಿಳಿ ತಲೆ ಕಾಣುತ್ತಿತ್ತು. ಅವನು ಅಲ್ಲೇ ಕೂತು ಟೀ ಕುಡಿಯುತ್ತಾನೆ, ಅಲ್ಲೇ ಪತ್ರಿಕೆ ಓದುತ್ತಾನೆ, ತಲೆಯೆತ್ತಿದಾಗಲೆಲ್ಲ ಈ ಗೋಡೆಯನ್ನು ನೋಡುತ್ತಾನೆ. ಇಡೀ ಕಣಿವೆಯಲ್ಲಿ ಅವನ ಕೈಯ ಗೋಡೆ ಎಂದು ಉಳಿದಿದ್ದು ಇದೊಂದೇ. ಆ ಸಂಗತಿ ಊರಿಗೆಲ್ಲ ಗೊತ್ತಿತ್ತು, ಅವನೊಬ್ಬನಿಗೆ ಬಿಟ್ಟು.

ಆ ಸೇತುವೆಯ ಕೆಳಗಿನ ಯಾಲ್ ಹೆಸರಿಗಷ್ಟೇ ಹೊಳೆ. ಒಳ್ಳೆ ಬೇಸಿಗೆಯಲ್ಲಿ ಅದರಲ್ಲಿ ಬಾತುಕೋಳಿಯ ಹೊಟ್ಟೆಯೂ ನೆನೆಯುವುದಿಲ್ಲ. ಅದರ ಏಳು ಮೈಲಿ ಉದ್ದಕ್ಕೂ ಎರಡು ದಂಡೆಗಳಲ್ಲಿ ಹಳೆಯ ಒಕ್ಕಲು ಮನೆಗಳಿವೆ. ಕಟ್ಟಿದವರು ಕಾಲಕೆಳಗಿನ ಕೆಂಪು ಮಣ್ಣನ್ನೇ ಅಗೆದು, ಗೋಧಿ ಹುಲ್ಲು ಸೇರಿಸಿ, ದನಗಳಿಂದ ತುಳಿಸಿ, ಒಂದು ವರಸೆ ಏರಿಸಿ ಅದು ಒಣಗುವವರೆಗೆ ಕಾದು ಇನ್ನೊಂದು ವರಸೆ ಏರಿಸಿದರು. ಎರಡೂವರೆ ಅಡಿ ದಪ್ಪದ ಗೋಡೆ, ಮೇಲೆ ಹುಲ್ಲಿನ ಹೊದಿಕೆ. ತಲೆಗೊಂದು ಟೋಪಿ, ಕಾಲಿಗೊಂದು ಜೊತೆ ಬೂಟು ಇದ್ದರೆ ಮಣ್ಣಿನ ಮನೆಗೆ ಸಾವಿಲ್ಲ ಎಂದು ನಮ್ಮ ಕಡೆ ಮಾತು. ಟೋಪಿ ಎಂದರೆ ಸೂರು, ಬೂಟು ಎಂದರೆ ಕಲ್ಲಿನ ಅಡಿಪಾಯ. ಮಧ್ಯದಲ್ಲಿ ಮೈಗೆ ಏನು ಹಾಕಬೇಕೆಂದು ಆ ಮಾತು ಹೇಳುವುದಿಲ್ಲ. ಎಡವಟ್ಟಾದದ್ದು ಅಲ್ಲಿ.

ಐವತ್ತು ವರ್ಷದ ಹಿಂದೆ ಎಲ್ಲರಿಗೂ ಸಿಮೆಂಟಿನ ಹುಚ್ಚು. ಪ್ರತಿವರ್ಷ ಸುಣ್ಣ ಬಳಿಯುವ ಗೋಳಿಲ್ಲ, ಗೋಡೆ ಉದುರುವುದಿಲ್ಲ, ಕನ್ನಡಿಯಂತೆ ನುಣುಪು. ಮರ್ವಿನ್ ಆಗ ಇಪ್ಪತ್ತೇಳರ ಗಾರೆಯವ. ಅವನ ಕರಣೆ ಓಡಿದ ಕಡೆ ಗೆರೆ ಕಾಣುತ್ತಿರಲಿಲ್ಲ. ಐದು ವರ್ಷದಲ್ಲಿ ಕಣಿವೆಯ ಹನ್ನೊಂದು ಮನೆಗಳಿಗೆ ಅವನು ಸಿಮೆಂಟು ಬಳಿದ. ಜನ ಬಂಡಿ ನಿಲ್ಲಿಸಿ ನೋಡಿ ಹೋಗುತ್ತಿದ್ದರು. ಮೋಸವಿಲ್ಲ, ಸೋಮಾರಿತನವಿಲ್ಲ. ಸಿಮೆಂಟಿನ ಹಿಂದೆ ಸಿಕ್ಕಿಬಿದ್ದ ತೇವ ಆರದೆ ಮಣ್ಣು ಒಳಗೇ ಕರಗುತ್ತದೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ಅಷ್ಟು ಪ್ರೀತಿಯಿಂದ ಯಾರೂ ಯಾವ ಮನೆಯನ್ನೂ ಹಾಳು ಮಾಡಿರಲಿಕ್ಕಿಲ್ಲ.

ಮೊದಲು ಬಿದ್ದದ್ದು ಕಣಿವೆಯ ತುದಿಯಲ್ಲಿರುವ ಅಪ್ಕಾಟ್, ಡೆನ್ಜಿಲ್ ಹರ್ಡ್‌ನ ಮನೆ. ಹನ್ನೆರಡು ವರ್ಷದ ಹಿಂದೆ ಒಂದು ಫೆಬ್ರವರಿ ಬೆಳಿಗ್ಗೆ ಅದರ ಮೂಲೆ ಕುಸಿದು ಹಂದಿಗೂಡಿನ ಮೇಲೆ ಬಂತು. ಮರ್ವಿನ್ ಆಗ ಸೊಂಟದ ಶಸ್ತ್ರಚಿಕಿತ್ಸೆಗೆ ಆಸ್ಪತ್ರೆ ಸೇರಿದ್ದ. ಮಗಳು ಟ್ಯಾಮ್ಸಿನ್ ಗುಡ್ಡದಾಚೆಯ ಮುದುಕನೊಬ್ಬನ ಹತ್ತಿರ ಮಣ್ಣಿನ ಕೆಲಸ ಕಲಿತು ಬಂದಿದ್ದಳು. ಡೆನ್ಜಿಲ್ ಅವಳನ್ನು ಕರೆಸಿದ. "ನಿಮ್ಮಪ್ಪನಿಗೆ ಹೇಳೋದು ಬೇಡ ಕಣಮ್ಮ," ಎಂದ. "ಸೊಂಟ ಮುರಿದಿರೋದೇ ಸಾಕು, ಮನಸ್ಸೂ ಮುರಿಯೋದು ಬೇಡ." ಹಾಗೆ ಶುರುವಾಯಿತು.

ನಮ್ಮೂರಿನಲ್ಲಿ ಒಬ್ಬ ಸೀನಿದರೆ ಸಂಜೆಯೊಳಗೆ ಮೂರು ಮನೆಯಿಂದ ಔಷಧಿ ಬರುತ್ತದೆ. ಅಂಥ ಊರು ಈ ಗುಟ್ಟನ್ನು ಹನ್ನೆರಡು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿತು ಎಂದರೆ ಮರ್ವಿನ್ ಮೇಲೆ ಜನಕ್ಕಿದ್ದ ಪ್ರೀತಿಯ ಅಂದಾಜಾಗಬೇಕು. ಅನುಕೂಲವೂ ಇತ್ತು. ನಮ್ಮ ಓಣಿಗಳು ಆಳ, ಎರಡೂ ಬದಿಯ ಬೇಲಿ ಆಳೆತ್ತರ. ಅಂಗಳಕ್ಕೆ ಕಾಲಿಡದೆ ಮನೆ ಕಾಣುವುದಿಲ್ಲ. ಮರ್ವಿನ್ ಕಾರು ಓಡಿಸುವುದನ್ನು ಬಿಟ್ಟಿದ್ದ. ಗುರುವಾರ ಪಬ್ಬಿನಲ್ಲಿ ಇಸ್ಪೀಟು, ಭಾನುವಾರ ಪ್ರಾರ್ಥನೆ, ಅಷ್ಟೇ ಅವನ ಓಡಾಟ. ಒಂದೊಂದಾಗಿ ಹತ್ತು ಮನೆಗಳ ಸಿಮೆಂಟು ಕಳಚಿತು. ಟ್ಯಾಮ್ಸಿನ್ ಮಣ್ಣು ತುಂಬಿ, ಸುಣ್ಣದ ಗಾರೆ ಎರಚಿ, ಕೆನೆ ಬಣ್ಣದ ಸುಣ್ಣ ಬಳಿದು, ಅವುಗಳನ್ನು ಬದುಕಿಸಿದಳು.

"ಇವತ್ತು ಎಲ್ಲಿ ಮಣ್ಣಾಟ?" ಎಂದು ಅಪ್ಪ ದಿನವೂ ಕೇಳುತ್ತಿದ್ದ. "ಹಂದಿಗೂಡು," ಎನ್ನುತ್ತಿದ್ದಳು. ಇಲ್ಲವೇ "ತೋಟದ ಗೋಡೆ." ಅವನ ಲೆಕ್ಕದಲ್ಲಿ ಮಗಳು ಹನ್ನೆರಡು ವರ್ಷದಿಂದ ಹಂದಿಗೂಡುಗಳನ್ನೇ ಸರಿಮಾಡುತ್ತಿದ್ದಳು. ಈ ಸುಳ್ಳು ಅವಳನ್ನು ಒಳಗೇ ಸುಡುತ್ತಿತ್ತು. ಒಂದು ಮೂಲೆಯನ್ನು ಹೇಗೆ ದುಂಡಗೆ ತಿರುಗಿಸಿದ್ದಾಳೆ, ಕಿಟಕಿಯ ಅಂಚನ್ನು ಹೇಗೆ ಇಳಿಸಿದ್ದಾಳೆ ಎಂದು ನೋಡಿದ ಕೂಡಲೇ ತಿಳಿಯುವ ಕಣ್ಣು ಈ ಏಳು ಮೈಲಿಯಲ್ಲಿ ಒಂದೇ ಇತ್ತು. ಆ ಕಣ್ಣಿಗೆ ಬೀಳದಂತೆಯೇ ಅವಳು ತನ್ನ ಜೀವನದ ಒಳ್ಳೆಯ ಕೆಲಸವನ್ನೆಲ್ಲ ಮಾಡಿದ್ದಳು.

ಈಗ ಹನ್ನೊಂದನೆಯ ಮನೆ. ಕಿಟಕಿಗೆ ಎದುರಾಗಿ ನಿಂತ ಗೋಡೆ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬ ಪ್ರಶ್ನೆಯೇ ಇರಲಿಲ್ಲ. ಅವಳೇ ಕಟ್ಟಬೇಕು.

ಅಂದು ಸಂಜೆ ಅವಳು ಹ್ಯಾಮ್ ಮತ್ತು ಬೇಯಿಸಿದ ಆಲೂಗಡ್ಡೆ ತೆಗೆದುಕೊಂಡು ಅಪ್ಪನ ಮನೆಗೆ ಹೋದಳು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದಳು. ತಟ್ಟೆ ಹಾಕಿ, ಎದುರಿಗೆ ಕೂತು, "ಅಪ್ಪ, ಆವ್ರಿಲ್ ಆಂಟಿ ಮನೆ ಮುಂದಿನ ಗೋಡೆ..." ಎಂದಳು.

"ನೋಡ್ದೆಯಾ?" ಮರ್ವಿನ್‌ನ ಮುಖ ಅರಳಿತು. "ಈ ಹೊತ್ತಿನ ಬಿಸಿಲು ಬಿದ್ರೆ ಅದರ ಅಂದವೇ ಬೇರೆ. ಅವಳಪ್ಪ ಸತ್ತ ವರ್ಷ ಅದು. ಆಗಸ್ಟ್‌ನಲ್ಲಿ ಹೋದ. ಅವಳಮ್ಮ ಕೆಮ್ಮಿ ಕೆಮ್ಮಿ ಸಾಯ್ತಿದ್ಲು, ಗೋಡೆಯಿಂದ ಗಾಳಿ ಬರ್ತದೆ ಅಂತ. ಚಳಿ ಶುರುವಾಗೋದ್ರೊಳಗೆ ಮುಗಿಸಿಕೊಡ್ತೀನಿ ಅಂದೆ. ಒಂಬತ್ತು ದಿನ, ಒಬ್ನೇ. ಆ ಚಳೀಲಿ ಅಮ್ಮ ಮಗಳು ಬೆಚ್ಚಗಿದ್ರು."

"ಹೂಂ."

"ನೀನೇನೋ ಹೇಳ್ತಿದ್ದೆ."

"ಏನಿಲ್ಲ. ಗೋಡೆ ಚೆನ್ನಾಗಿ ಕಾಣ್ತಿದೆ ಅಂತ."

ಅವಳು ಆಲೂಗಡ್ಡೆಯನ್ನು ತಟ್ಟೆಯ ಅಂಚಿಗೆ ಸರಿಸಿ, ಅಪ್ಪನಿಗೆ ಇನ್ನೊಂದು ತುಂಡು ಹ್ಯಾಮ್ ಬಡಿಸಿದಳು.

ಆಮೇಲೆ ಮೂರು ದಿನ ಬಿಡದೆ ಮಳೆ. ನಾಲ್ಕನೆಯ ಬೆಳಿಗ್ಗೆ ಆವ್ರಿಲ್ ಫೋನ್ ಮಾಡಿ, "ಟ್ಯಾಮ್ಸಿನ್, ನನ್ನ ದಿಂಬಿನ ಮೇಲೆ ಗೋಡೆ ಬಂದು ಮಲಗಿದೆ ಕಣೇ," ಎಂದಳು. ಟ್ಯಾಮ್ಸಿನ್ ವ್ಯಾನಿನಲ್ಲಿ ಕಬ್ಬಿಣದ ಆಸರೆ ಕಂಬಗಳನ್ನೂ ದಪ್ಪ ಹಲಗೆಗಳನ್ನೂ ತುಂಬಿಕೊಂಡು ಹೋದಳು. ಗುಟ್ಟು ಕಾಯುತ್ತ ಕೂರುವ ಸಮಯ ಮುಗಿದಿತ್ತು. ಮೂರನೆಯ ಕಂಬ ಆನಿಸುವಷ್ಟರಲ್ಲಿ ಸೇತುವೆಯ ಮೇಲೆ ಕೋಲಿನ ಸದ್ದು ಕೇಳಿಸಿತು.

ಮರ್ವಿನ್ ಚಪ್ಪಲಿಯಲ್ಲೇ ಬಂದಿದ್ದ, ಮನೆಯೊಳಗೆ ಹಾಕುವ ಮೆತ್ತನೆಯ ಚಪ್ಪಲಿ. ಕಂಬಗಳನ್ನು ನೋಡಿದ. ಮಗಳನ್ನು ನೋಡಿದ. ಬಾಗಿಲಲ್ಲಿ ಆವ್ರಿಲ್ ಎರಡು ಕೈಯಲ್ಲೂ ಏಪ್ರನ್ ಹಿಂಡುತ್ತ ನಿಂತಿದ್ದಳು.

"ಏನಿದು?"

"ಬ್ಯಾಜರ್ ಕಣೋ," ಎಂದಳು ಆವ್ರಿಲ್. "ಹಾಳಾದ್ದು, ಗೋಡೆ ಕೆಳಗೆ ಬಿಲ ತೋಡಿದೆ."

ಮರ್ವಿನ್ ಗೋಡೆ ಉಬ್ಬಿದ್ದ ಕಡೆ ತಲೆಯೆತ್ತಿದ. ಅದು ಮಹಡಿಯ ಕಿಟಕಿಯ ಮಟ್ಟದಲ್ಲಿತ್ತು. "ಏಣಿ ತಂದಿತ್ತಾ ಬ್ಯಾಜರು?"

ಯಾರೂ ನಗಲಿಲ್ಲ. ಆವ್ರಿಲ್ ಜೀವಮಾನದಲ್ಲಿ ಸರಿಯಾಗಿ ಒಂದು ಸುಳ್ಳು ಹೇಳಿದವಳಲ್ಲ, ಈ ವಯಸ್ಸಿನಲ್ಲಿ ಎಲ್ಲಿಂದ ಬರಬೇಕು. ಮರ್ವಿನ್ ಕಂಬಗಳಿಂದ ದೂರ, ಬಾಗಿಲ ಪಕ್ಕಕ್ಕೆ ಹೋಗಿ, ಕೋಲಿನ ಹಿಡಿಯಿಂದ ಗೋಡೆಯನ್ನು ಎರಡು ಸಲ ಕುಟ್ಟಿದ. ಪೊಳ್ಳು ಸದ್ದು ಬಂತು. ಇನ್ನೂ ಸ್ವಲ್ಪ ಆಚೆ ಕುಟ್ಟಿದ. ಅಲ್ಲೂ ಅದೇ. ಗಾರೆಯವನಿಗೆ ಆ ಸದ್ದಿನ ಅರ್ಥ ಯಾರೂ ಹೇಳಿಕೊಡಬೇಕಿಲ್ಲ.

"ಸುತ್ತಿಗೆ ಕೊಡು."

"ಅಪ್ಪ, ಬೇಡ. ನಾನು ಹೇಳ್ತೀನಿ, ಮೊದಲು ಕೂತ್ಕೋ."

"ಕೊಡು ಮಗಳೇ."

ಅವನು ಹೊಡೆದದ್ದು ಒಂದೇ ಏಟು, ಅದೂ ಜೋರಾಗಿ ಅಲ್ಲ. ಬಾಗಿಲಗಲದ ಒಂದು ಸಿಮೆಂಟಿನ ಚಪ್ಪಡಿ ಗೋಡೆಯಿಂದ ಬಿಡಿಸಿಕೊಂಡು ಆವ್ರಿಲ್‌ಳ ಹೂಗಿಡಗಳ ಮೇಲೆ ಮುಖ ಅಡಿಯಾಗಿ ಬಿತ್ತು. ಅದರ ಹಿಂದೆ ಗೋಡೆ ಎಂಬುದು ಗಂಜಿಯಾಗಿತ್ತು. ಹೊಳೆಯುವ ಕೆಂಪು ಕೆಸರು, ಅದರ ನಡುವಿನಿಂದ ಬೆರಳು ದಪ್ಪದ ನೀರು ಇಳಿದು ಬಂತು. ಮರ್ವಿನ್ ಅದರೊಳಗೆ ಕೈ ಹಾಕಿ ಒಂದು ಹುಲ್ಲುಕಡ್ಡಿಯನ್ನು ಎಳೆದ. ಐನೂರು ವರ್ಷದ ಹಿಂದೆ ಯಾರೋ ಕೊಯ್ದ ಗೋಧಿಯ ಕಡ್ಡಿ, ಇನ್ನೂ ಹಳದಿಯಾಗಿಯೇ ಇತ್ತು.

"ಬೆವರೋಕೆ ಬಿಡಲಿಲ್ಲ ನಾನು," ಎಂದ. ಯಾರಿಗೆ ಹೇಳಿದನೋ ತಿಳಿಯಲಿಲ್ಲ. "ಐವತ್ತು ವರ್ಷದಿಂದ ರೈನ್‌ಕೋಟ್ ಬಿಚ್ಚದೆ ನಿಂತಿದೆ, ಪಾಪ."

ಆಮೇಲೆ ಅವನು ತಿರುಗದೆಯೇ ಕೇಳಿದ. "ಅಪ್ಕಾಟ್?"

ಟ್ಯಾಮ್ಸಿನ್ ಕಂಬಗಳನ್ನು ಬಿಟ್ಟು ಅವನ ಹಿಂದೆ ಬಂದು ನಿಂತಳು. "ಅದನ್ನ ಸರಿಮಾಡಾಗಿದೆ ಅಪ್ಪ. ನಿನ್ನ ಸೊಂಟದ ಆಪರೇಷನ್ ಆದಾಗ."

"ಮಿಕ್ಕಿದ್ದು?"

"ಎಲ್ಲಾ ಆಗಿದೆ."

"ಹತ್ತೂ?"

"ಹತ್ತೂ."

"ನಿನಗೂ ಗೊತ್ತಿತ್ತು," ಎಂದು ಅವನು ಆವ್ರಿಲ್ ಕಡೆ ತಿರುಗಿದ. ಆವ್ರಿಲ್ ತಲೆ ತಗ್ಗಿಸಿದಳು. "ಊರಿಗೆಲ್ಲ ಗೊತ್ತಿತ್ತು. ಹನ್ನೆರಡು ವರ್ಷ ಎಲ್ಲರೂ ಸೇರಿ ನನ್ನ ಕಣ್ಣಿಗೆ ಮಣ್ಣೆರಚಿದ್ರಿ."

"ನಿನಗೆ ನೋವಾಗ್ತದೆ ಅಂತ ಕಣೋ ಮರ್ವಿನ್."

"ನೋವಾ?" ಅವನ ಕೈಯಲ್ಲಿ ಆ ಕಡ್ಡಿ ಇನ್ನೂ ಇತ್ತು. "ನನ್ನ ಸೊಂಟ ಸರಿಹೋದ ಮೇಲೆ ಈ ಕಣಿವೆಯಲ್ಲಿ ಒಬ್ಬರೂ ನನ್ನನ್ನ ಮನೆಯೊಳಗೆ ಕರೆದಿಲ್ಲ. ಮೊಟ್ಟೆ ತಂದ್ರು, ಸೇಬಿನ ಸೈಡರ್ ತಂದ್ರು, ಬಾಗಿಲಲ್ಲೇ ಕೊಟ್ಟು ಹೋದ್ರು. ಬಾರಯ್ಯ, ಒಂದು ಕಪ್ ಟೀ ಕುಡಿದು ಹೋಗು ಅಂತ ಒಬ್ಬರ ಬಾಯಲ್ಲೂ ಬರಲಿಲ್ಲ. ಯಾಕಿರಬಹುದು ಅಂತ ಯೋಚನೆ ಮಾಡ್ದೆ. ವಯಸ್ಸಾಯ್ತು, ಮೈ ನಾರ್ತಿರಬೇಕು ಅಂದ್ಕೊಂಡೆ. ವಾರಕ್ಕೆರಡು ಸ್ನಾನ ಮಾಡ್ತಿದ್ದವನು ದಿನಾ ಮಾಡೋಕೆ ಶುರುಮಾಡ್ದೆ."

ಒದ್ದೆಯಾದ ಚಪ್ಪಲಿಯಲ್ಲಿ ಪಚಕ್ ಪಚಕ್ ಎನ್ನುತ್ತ ಮರ್ವಿನ್ ಸೇತುವೆ ದಾಟಿ ಹೋದ. ಟ್ಯಾಮ್ಸಿನ್ ಹಿಂದೆ ಹೋಗಲಿಲ್ಲ. ಉಳಿದ ಕಂಬಗಳನ್ನು ಗೋಡೆಗೆ ಆನಿಸತೊಡಗಿದಳು.

ಅಡುಗೆಮನೆಯ ಆ ಕಿಟಕಿಗೆ ಅಂದು ಪರದೆ ಬಿತ್ತು. ಅಲ್ಲಿ ಪರದೆ ಇದೆ ಎನ್ನುವುದೇ ಊರಿಗೆ ಆವರೆಗೆ ಗೊತ್ತಿರಲಿಲ್ಲ. ಟ್ಯಾಮ್ಸಿನ್ ಎದುರಿನ ಗೋಡೆಯ ಸಿಮೆಂಟು ಒಡೆಯುತ್ತಲೇ ಇದ್ದಳು. ನಿಲ್ಲಿಸುವಂತಿರಲಿಲ್ಲ, ನಿಲ್ಲಿಸಿದರೆ ಮನೆ ಬೀಳುತ್ತಿತ್ತು. ಒಂದೊಂದು ಏಟೂ ಹೊಳೆ ದಾಟಿ ಅವನ ಕಿವಿಗೆ ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಸಂಜೆ ಬಾಗಿಲು ತಟ್ಟಿದರೆ ಒಳಗಿನಿಂದ "ಮಲಗಿದೀನಿ" ಎಂಬ ಉತ್ತರ ಬರುತ್ತಿತ್ತು. ಅಮ್ಮ ತೀರಿಕೊಂಡ ವರ್ಷವೂ ಅಪ್ಪ ಅವಳೊಡನೆ ಮಾತು ಬಿಟ್ಟಿರಲಿಲ್ಲ. ಇನ್ನು ಮುಂದೆ ಅವನು ತನ್ನ ಮುಖ ನೋಡುವನೋ ಇಲ್ಲವೋ ಎಂಬ ಹೆದರಿಕೆ ಅವಳಿಗೆ ನಲವತ್ತೆಂಟನೆಯ ವಯಸ್ಸಿನಲ್ಲಿ ಚಿಕ್ಕ ಹುಡುಗಿಯ ಹಾಗೆ ಹತ್ತಿತು.

ಗುರುವಾರ ಇಸ್ಪೀಟಿಗೆ ಅವನು ಬರಲಿಲ್ಲ. ಡೆನ್ಜಿಲ್ ಅರ್ಧ ಆಟಕ್ಕೆ ಎದ್ದು, ಒಂದು ಡಜನ್ ಮೊಟ್ಟೆ ಹಿಡಿದು ಹೋಗಿ ಬಾಗಿಲು ತಟ್ಟಿದ.

"ಮರ್ವಿನ್, ನಾನು."

"ಕೈಯಲ್ಲೇನಿದೆ?" ಬಾಗಿಲ ಹಿಂದಿನಿಂದ ಧ್ವನಿ.

"ಮೊಟ್ಟೆ."

"ವಾಪಸ್ ತಗೊಂಡು ಹೋಗಯ್ಯ. ನಿನ್ನ ಮೊಟ್ಟೆ ತಿಂದೂ ತಿಂದೂ ಇನ್ನೇನು ಬೆಳಿಗ್ಗೆ ಎದ್ದು ನಾನೇ ಕೂಗಬೇಕು, ಹಾಗಾಗಿದೀನಿ."

ಡೆನ್ಜಿಲ್ ಪಬ್ಬಿಗೆ ಮರಳಿ ಬಂದು ಈ ಮಾತು ಹೇಳಿದಾಗ ಎಲ್ಲರಿಗೂ ಸ್ವಲ್ಪ ಜೀವ ಬಂದಂತಾಯಿತು. ತಮಾಷೆ ಮಾಡುತ್ತಾನೆ ಎಂದರೆ ಪೂರ್ತಿ ಕೈಬಿಟ್ಟಿಲ್ಲ. ಆದರೆ ಶುಕ್ರವಾರವೂ ಶನಿವಾರವೂ ಪರದೆ ಸರಿಯಲಿಲ್ಲ.

ಭಾನುವಾರ ಎಂಟು ಗಂಟೆಗೆ ಟ್ಯಾಮ್ಸಿನ್‌ಳ ಫೋನು ಹೊಡೆದುಕೊಂಡಿತು.

"ವ್ಯಾನು ಇದೆಯಾ?" ಅಪ್ಪ.

"ಇದೆ."

"ಹತ್ತಕ್ಕೆ ಬಾ."

ಅವಳು ಹೋದಾಗ ಅವನು ಪ್ರಾರ್ಥನೆಗೆ ಹಾಕುವ ಕಪ್ಪು ಸೂಟಿನಲ್ಲಿ, ಟೈ ಕಟ್ಟಿಕೊಂಡು, ಗಡ್ಡ ಬೋಳಿಸಿಕೊಂಡು ಗೇಟಿನ ಬಳಿ ನಿಂತಿದ್ದ. ಸುಣ್ಣದ ಚೀಲಗಳ ಧೂಳನ್ನು ನೋಡಿಯೂ ನೋಡದಂತೆ ವ್ಯಾನಿನ ಮುಂದಿನ ಸೀಟಿನಲ್ಲಿ ಕುಳಿತ. ಕೋಲನ್ನು ಮೊಣಕಾಲ ನಡುವೆ ನಿಲ್ಲಿಸಿಕೊಂಡ.

"ಮೊದಲು ಮಾಡಿದ್ದು ಅಪ್ಕಾಟ್ ಅಂದ್ಯಲ್ಲ?"

"ಹೂಂ."

"ಅದು ಕೊನೆಗೆ. ಹೊಳೆ ಕೆಳಗಡೆಯಿಂದ ಹಿಡಿ."

ಪ್ರತಿ ಮನೆಗೂ ಫೋನು ಅವರಿಗಿಂತ ಮುಂಚೆ ತಲುಪಿತ್ತು. ಮೊದಲ ಮನೆಯ ಅಂಗಳದಲ್ಲಿ ವ್ಯಾನು ನಿಲ್ಲುವಾಗಲೇ ಮೇಜಿನ ಮೇಲೆ ಬಿಸಿ ಸ್ಕೋನು ಬನ್ನು, ಕೆನೆ, ಜಾಮು ಬಂದಿದ್ದವು. "ಒಳಗೆ ಬಾ ಮರ್ವಿನ್, ಟೀ ಹಾಕಿದೀನಿ," ಎಂದಳು ಮನೆಯಾಕೆ, ಎಲ್ಲಿ ಬೇಡವೆನ್ನುತ್ತಾನೋ ಎಂದು ಬಾಗಿಲನ್ನು ಗೋಡೆಗೆ ಒತ್ತಿ ಹಿಡಿದುಕೊಂಡು. ಅವನು ಮೊದಲು ಗೋಡೆಯ ಹತ್ತಿರ ಹೋದ. ಅಂಗೈಯನ್ನು ಅದರ ಮೇಲಿಟ್ಟು ನಿಧಾನವಾಗಿ ಮನೆಯನ್ನು ಒಂದು ಸುತ್ತು ಹಾಕಿದ. ಆಮೇಲೆ ಒಳಗೆ ಹೋಗಿ, ಟೀ ಕುಡಿದು, ಎರಡು ಸ್ಕೋನು ತಿಂದು, "ನಿಮ್ಮ ಸೂರಿನ ಅಂಚಿನ ಹುಲ್ಲು ಹೋಗಿದೆ, ನೋಡ್ಕೊಳ್ಳಿ," ಎಂದು ಹೇಳಿ ಎದ್ದ. ಗೋಡೆಯ ಬಗ್ಗೆ ಒಂದು ಮಾತೂ ಇಲ್ಲ.

ಎರಡನೆಯ ಮನೆಯಲ್ಲೂ ಹಾಗೇ. ಮೂರನೆಯದರಲ್ಲೂ. ಐದನೆಯ ಮನೆಯ ಹೊತ್ತಿಗೆ ನಾಲ್ಕು ಕಪ್ ಟೀ ಆಗಿ, ಅವನು ಗೋಡೆ ನೋಡುವುದಕ್ಕೂ ಮುಂಚೆ ಬಚ್ಚಲು ಎಲ್ಲಿ ಎಂದು ಕೇಳಬೇಕಾಯಿತು. ಟ್ಯಾಮ್ಸಿನ್ ಪ್ರತಿ ಅಂಗಳದಲ್ಲೂ ವ್ಯಾನಿಗೆ ಒರಗಿ ನಿಂತು ಅವನ ಬೆನ್ನನ್ನೇ ನೋಡುತ್ತಿದ್ದಳು. ಕೈ ಎಲ್ಲಿ ತಡೆಯುತ್ತದೆ, ಎಲ್ಲಿ ಸಲೀಸಾಗಿ ಹೋಗುತ್ತದೆ, ತಲೆ ಆಡಿತೇ. ಏನೂ ತಿಳಿಯುತ್ತಿರಲಿಲ್ಲ. ಬೈದಿದ್ದರೂ ಅವಳಿಗೆ ಸಮಾಧಾನವಾಗುತ್ತಿತ್ತು.

ಏಳನೆಯ ಮನೆ ಬಿಟ್ಟ ಮೇಲೆ, ಓಣಿಯ ಬೇಲಿಗಳು ವ್ಯಾನಿನ ಎರಡೂ ಬದಿಯನ್ನು ಸವರುತ್ತಿದ್ದಾಗ ಅವನು ಬಾಯಿ ತೆರೆದ. "ಆವ್ರಿಲ್ ಗೋಡೆಗೆ ಮಣ್ಣು ಯಾವಾಗ ತುಳೀತೀಯಾ?"

"ಒಣಗಬೇಕು. ಜೂನ್ ಆಗುತ್ತೆ."

"ದನ ಎಲ್ಲಿಂದ ತರ್ತೀಯಾ?"

"ದನ ಯಾಕಪ್ಪ, ನಾನೇ ತುಳೀತೀನಿ. ನಾಲ್ಕೈದು ಜನ ಬರ್ತಾರೆ."

"ಸೊಂಟದಲ್ಲಿ ಕಬ್ಬಿಣ ಇರೋವ್ರು ಮಣ್ಣು ತುಳೀಬಹುದಾ?"

ಅವಳು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ತೆಗೆದರೆ ವ್ಯಾನು ಬೇಲಿಗೆ ಹೋಗುತ್ತಿತ್ತು. "ಡಾಕ್ಟರನ್ನ ಕೇಳಬೇಕು," ಎಂದಳು.

"ಡಾಕ್ಟರಿಗೆ ಮಣ್ಣಿನ ವಿಷಯ ಏನು ಗೊತ್ತು. ಬೂಟು ನೋಡಬೇಕು. ಜೇಡ ಗೂಡು ಕಟ್ಟಿರ್ತದೆ."

ಅಪ್ಕಾಟ್ ತಲುಪುವ ಹೊತ್ತಿಗೆ ಏಪ್ರಿಲ್ ತಿಂಗಳ ಒಂದು ಮಳೆ ಹೊಡೆದು ನಿಲ್ಲುತ್ತಿತ್ತು. ಆ ಮನೆ ಕಣಿವೆಯ ಮನೆಗಳಲ್ಲೆಲ್ಲ ಹಳೆಯದು. ಗುಡ್ಡಕ್ಕೆ ಬೆನ್ನು ಕೊಟ್ಟು, ದಪ್ಪ ಹುಲ್ಲಿನ ಸೂರನ್ನು ಹುಬ್ಬಿನವರೆಗೆ ಎಳೆದುಕೊಂಡು, ಕಿಟಕಿ ಒಂದು ಮೇಲೆ ಒಂದು ಕೆಳಗೆ ಇರುವ ಮನೆ. ಡೆನ್ಜಿಲ್ ಬಾಗಿಲಲ್ಲಿ ನಿಂತಿದ್ದ. ಬುದ್ಧಿವಂತ, ಈ ಸಲ ಕೈಯಲ್ಲಿ ಮೊಟ್ಟೆ ಇರಲಿಲ್ಲ.

ಮರ್ವಿನ್ ನೇರವಾಗಿ ಹಂದಿಗೂಡಿನ ಕಡೆಯ ಮೂಲೆಗೆ ಹೋದ. "ಇದೇನಾ ಬಿದ್ದಿದ್ದು?"

"ಅದೇ. ಹಂದಿ ಮೇಲೆ."

"ಹಂದಿಗೆ ಏನಾಯ್ತು?"

"ಏನೂ ಆಗ್ಲಿಲ್ಲ. ಕ್ರಿಸ್‌ಮಸ್‌ವರೆಗೂ ಚೆನ್ನಾಗೇ ಇತ್ತು."

ಮರ್ವಿನ್ ಕನ್ನಡಕ ತೆಗೆದು ಜೇಬಿಗಿಟ್ಟ. ಎಡಗೈಯಿಂದ ಗೋಡೆಯನ್ನು ಸವರುತ್ತ ಬಂದ, ಮೂಲೆ ತಿರುಗಿದ, ಮುಂದಕ್ಕೆ ಹೋದ, ಮತ್ತೆ ಹಿಂದಕ್ಕೆ ಬಂದ. ಕಣ್ಣು ಮುಚ್ಚಿಕೊಂಡು ಇನ್ನೊಮ್ಮೆ ಸವರಿದ, ಈ ಸಲ ಉಗುರಿನಿಂದ.

"ಹಳೇದು ಎಲ್ಲಿ ಮುಗೀತು? ಹೊಸದು ಎಲ್ಲಿ ಶುರು?"

"ಅದನ್ನ ನೀನೇ ಹುಡುಕು," ಎಂದ ಡೆನ್ಜಿಲ್. "ಹನ್ನೆರಡು ವರ್ಷ ಇದರೊಳಗೆ ಮಲಗಿದೀನಿ, ನನಗೆ ಸಿಕ್ಕಿಲ್ಲ."

ಮೂರನೆಯ ಸಲವೂ ಕೈ ಎಲ್ಲಿಯೂ ತಡೆಯಲಿಲ್ಲ. ಮರ್ವಿನ್ ಕೈ ಇಳಿಸಿ ಕೋಲು ಹಿಡಿದು ನೆಟ್ಟಗೆ ನಿಂತ. "ಕೈ ಯಾರದ್ದು?" ಎಂದ. ಗಾರೆಯವರು ಪರವೂರಿನ ಒಳ್ಳೆಯ ಕೆಲಸದ ಮುಂದೆ ನಿಂತಾಗ ಹಾಗೆ ಕೇಳುವುದು ರೂಢಿ. ಉತ್ತರ ಗೊತ್ತಿದ್ದರೂ ಕೇಳುತ್ತಾರೆ, ಕೇಳಿಯೇ ತೀರಬೇಕು.

ಟ್ಯಾಮ್ಸಿನ್ ವ್ಯಾನಿನಿಂದ ಸರಿದು ಗೋಡೆಯ ಹತ್ತಿರ ಬಂದಳು. "ನಂದು," ಎಂದಳು.

"ಒಬ್ಬಳದ್ದೇ?"

"ಒಬ್ಬಳದ್ದೇ."

"ಆಗ ನಿನಗೆಷ್ಟು ವಯಸ್ಸು?"

"ಮೂವತ್ತಾರು."

ಅವನು ಗೋಡೆಯ ಕಡೆಗೇ ನೋಡುತ್ತಿದ್ದ. "ಮೂವತ್ತಾರಕ್ಕೆ ನನಗೆ ಇದು ಬರ್ತಿರಲಿಲ್ಲ," ಎಂದ. ಸ್ವಲ್ಪ ತಡೆದು, "ಈಗಲೂ ಬರಲ್ಲ," ಎಂದ.

ಡೆನ್ಜಿಲ್ ಮೂಗು ಸೀಟಿ, ಅದಕ್ಕೆ ಮಳೆಯೇ ಕಾರಣ ಎಂಬಂತೆ ಆಕಾಶ ನೋಡಿದ. "ಒಳಗೆ ಬಾರಯ್ಯ," ಎಂದ. "ಟೀ ಆರ್ತಾ ಇದೆ."

"ತಾಳು."

ಗುಡ್ಡದ ಮೇಲಿನ ಮೋಡ ಸರಿದು ಬಿಸಿಲು ಅಂಗಳಕ್ಕೆ ಬಂದಿತ್ತು. ಮಳೆಯಲ್ಲಿ ನೆನೆದ ಗೋಡೆ ಕಡು ಕಂದಾಗಿ, ಸೂರಿನ ಅಡಿಯಲ್ಲಿ ಮಾತ್ರ ಒಂದು ಗೆರೆಯಷ್ಟು ತಿಳಿಯಾಗಿತ್ತು. ಮರ್ವಿನ್ ಹಂದಿಗೂಡಿನ ಬಳಿ ಬಿದ್ದಿದ್ದ ಬಕೆಟ್ಟನ್ನು ಕೋಲಿನಿಂದ ಎಳೆದು, ಬೋರಲು ಹಾಕಿ, ಸೂಟಿನ ಪ್ಯಾಂಟನ್ನು ಮೊಣಕಾಲ ಬಳಿ ಸ್ವಲ್ಪ ಮೇಲಕ್ಕೆಳೆದುಕೊಂಡು, ಗೋಡೆಗೆ ಎದುರಾಗಿ ಕುಳಿತ.

"ಏನಪ್ಪ?"

"ಹೇಗೆ ಒಣಗ್ತದೆ ನೋಡ್ತೀನಿ. ನಂದು ಒಣಗ್ತಿರಲಿಲ್ಲ."

ಅವಳು ಇನ್ನೊಂದು ಬಕೆಟ್ಟು ಹುಡುಕಿ ತಂದು ಪಕ್ಕದಲ್ಲಿ ಹಾಕಿಕೊಂಡಳು. ಡೆನ್ಜಿಲ್ ಎರಡು ಕಪ್ಪುಗಳನ್ನು ಹೊರಗೇ ತಂದು ಅವರ ಕಾಲ ಬಳಿ ಇಟ್ಟು ಒಳಗೆ ಹೋದ. ಗೋಡೆಯಿಂದ ಬಹಳ ತೆಳುವಾದ ಹಬೆ ಏಳುತ್ತಿತ್ತು. ಸೂರಿನ ಅಡಿಯ ಕೆನೆ ಬಣ್ಣ ಬೆರಳಗಲವಾಯಿತು, ಅಂಗೈಯಗಲವಾಯಿತು, ಕಿಟಕಿಯ ತಲೆ ಮುಟ್ಟಿ ನಿಧಾನವಾಗಿ ಅದರ ಎರಡೂ ಬದಿಗೆ ಇಳಿಯತೊಡಗಿತು. ಟೀ ತಣ್ಣಗಾಗಿತ್ತು. ಇಬ್ಬರೂ ಏಳಲಿಲ್ಲ.